ಭೂತಕ್ಕೆ ಹೋಗಿದ್ದು ಯಾವ ಕೈ

ಸಿನಿಮಾ ಪರದೆ ಪಕ್ಕ ಬೆತ್ತ ಹಿಡ್ಕೊಂಡು ನಿಂತವನಿಗೆ ದಿನಾ ಒಂದಲ್ಲ ಒಂದು ಆಗ್ತಾನೇ ಇರ್ತದೆ. ನಾನೇನೂ ಹುಡುಕ್ಕೊಂಡು ಹೋಗ್ತಿರ್ಲಿಲ್ಲ, ಅವೇ ನಮ್ಮ ಟೆಂಟು ಎಲ್ಲೈತೆ ಅಂತ ಕೇಳ್ಕೊಂಡು ಬತ್ತಿದ್ವು. ಈಗಿನ ಹೈಕಳು ಮಾತಾಡೋ ಸಿನಿಮಾ ನೋಡ್ಕೊಂಡು ಬಂದು ನನ್ನ ಜಗಲಿ ಮೇಲೆ ಕುಂತ್ಕೊಂಡು, "ತಾತ, ಭೂತದ ಸಿನಿಮಾದ ಎರಡನೇ ಭಾಗ ಯಾವತ್ತೂ ಮೊದಲನೇದರಷ್ಟು ಚೆನ್ನಾಗಿರಲ್ಲ" ಅಂತ ನಂಗೇ ಪಾಠ ಹೇಳ್ತಾರೆ. ಲೇ, ಆ ವಿಚಾರ ನನ್ನ ಕೇಳ್ರೋ. ಎರಡೂ ಭಾಗದ ಪಕ್ಕ ನಿಂತು ಕಥೆ ಹೇಳ್ದೋನು ನಾನು.

ಉದ್ದನೇ ಊಟ

ಮೈಸೂರು ಮಾರಾಜ್ರ ಕಾಲ. ಸಿನಿಮಾಕ್ಕೆ ಇನ್ನೂ ಬಾಯಿ ಬಂದಿರ್ಲಿಲ್ಲ. ಚಿತ್ರದ ಮಧ್ಯೆ ಇಂಗ್ಲೀಷಲ್ಲಿ ಬರ್ದಿರೋ ಹಲಗೆ ಬಂದು ಹೋಯ್ತಿತ್ತು, ಅದನ್ನ ಓದೋರು ಯಾರು? ಅದಕ್ಕೆ ಪರದೆ ಪಕ್ಕ ಒಬ್ಬ ನಿಂತ್ಕೊಂಡು, ಬೆತ್ತದಲ್ಲಿ ತೋರಿಸ್ತಾ ಕನ್ನಡದಲ್ಲಿ ಕಥೆ ಹೇಳ್ಬೇಕು. ನಂಗೂ ಇಂಗ್ಲೀಷ್ ಬತ್ತಿರ್ಲಿಲ್ಲ. ಆದ್ರೆ ಗಂಟಲಿತ್ತು. ಸಂತೆ ಸಂತೇಲಿ ಚನ್ನಪಟ್ಟಣದ ಬೊಂಬೆ ಕೂಗಿ ಮಾರಿದ ಗಂಟಲು. ಒಂದ್ಸಲ ಮಾಗಡೀಲಿ ನಿಂತು ಕೂಗಿದ್ದಕ್ಕೆ ಸಾವನದುರ್ಗದ ಬಂಡೆ ಮಾರನೇ ದಿನ ಬೆಳಿಗ್ಗೆ ಉತ್ತರ ಕೊಡ್ತು, ಅದೂ ಬೈಗುಳದಲ್ಲಿ. ಬೇಕಾದ್ರೆ ಹೋಗಿ ಬಂಡೇನೇ ಕೇಳಿ.

ಮೊದಲನೇ ಭಾಗ ಬಂದಾಗ ಟೆಂಟಿನ ಸಾಹುಕಾರ್ನ ಕೇಳ್ದೆ, "ಕಥೆ ಏನು ಸಾಹುಕಾರ್ರೇ?"

"ನಂಗೇನಯ್ಯ ಗೊತ್ತು? ನೋಡ್ತಾ ನೋಡ್ತಾ ಹೇಳ್ಕೊಂಡು ಹೋಗು."

ನೋಡ್ದೆ. ಆಕಾಶದಿಂದ ಒಂದು ಮೊಟ್ಟೆ ಬಿತ್ತು. ಒಬ್ಬ ಬಿಳೀ ದೊರೆ ಅದನ್ನ ಗಾಜಿನ ಪೆಟ್ಟಿಗೇಲಿಟ್ಟು, ತಂತಿ ಸುತ್ತಿ, ಕರೆಂಟು ಕೊಟ್ಟ. ಮರಿ ಆಯ್ತು. ಮರಿ ಬೆಳೀತು. ಬೆಳೆದು ತೆಂಗಿನ ಮರದಷ್ಟು ಭೂತ ಆಗಿ ಜನಾನ ತಿನ್ನಕ್ಕೆ ಶುರು ಮಾಡ್ತು. ಕೊನೇಲಿ ದೊರೆ ಅದರ ಒಂದು ಕೈ ಕಡ್ದ, ಕೈ ಹೋಗಿ ಸಮುದ್ರಕ್ಕೆ ಬಿತ್ತು. ಅಷ್ಟೇ.

ಕ್ಲೋಸ್‌ಪೇಟೇಲಿ, ಈಗ ರಾಮನಗರ ಅಂತೀರಲ್ಲ ಅಲ್ಲಿ, ಮೊದಲನೇ ಆಟ. ದೊರೆ ಹೆಂಡ್ತಿ ಕಡೆ ತಿರುಗಿ ಬಾಯಿ ಆಡ್ಸಕ್ಕೆ ಶುರು ಮಾಡ್ದ. ಆಡಿಸ್ತಾನೇ ಅವ್ನೆ, ನಿಲ್ಲಿಸಂಗಿಲ್ಲ. ನಂಗೇನೂ ಹೊಳೀಲಿಲ್ಲ. "ಊಟ ಆಯ್ತಾ ಅಂತ ಕೇಳ್ತಾವ್ನೆ" ಅಂದೆ.

ಮುಂದೆ ಕುಂತಿದ್ದೋನು ಎದ್ದ. "ಏನ್ಲಾ, ಅಷ್ಟೊತ್ತು ಬಾಯಿ ಆಡ್ಸಿ ಊಟ ಆಯ್ತಾ ಅಷ್ಟೇನಾ?"

"ಕುಂತ್ಕೊಳ್ಲಾ, ದೊರೆಗಳ ಊಟ ಉದ್ದ" ಅಂದೆ. ಒಪ್ಕೊಂಡು ಕುಂತ.

ಹಸಿದ ಹುಳ

ಕನಕಪುರದಲ್ಲಿ ಟೆಂಟು ಹಾಕಿದಾಗ ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆಯಿಂದ ಎಲ್ಲಾ ಗಾಡಿ ಕಟ್ಕೊಂಡು ಬಂದ್ಬುಟ್ರು. ಮುಂದಿನ ಗಾಡಿ ಎತ್ತು ನಮ್ಮ ಟೆಂಟಿನ ಗೂಟ ಮೂಸ್ತಿತ್ತು, ಹಿಂದಿನ ಗಾಡಿ ಇನ್ನೂ ಊರೇ ಬುಟ್ಟಿರ್ಲಿಲ್ಲ. ಎಲ್ಲಾ ರೇಷ್ಮೆ ಹುಳ ಸಾಕೋರು.

ಗಾಜಿನ ಪೆಟ್ಟಿಗೇಲಿ ಮೊಟ್ಟೆ ಅಲುಗಾಡೋ ಜಾಗ ಬಂತು. ಬೇರೆ ಊರಲ್ಲಾದ್ರೆ ಇಲ್ಲಿ ಹೆದರಿ ಒಬ್ಬರ ಮೇಲೊಬ್ಬರು ಬೀಳೋರು. ನಾನೂ ದನಿ ಇಳಿಸಿ, "ಈಗ ನೋಡಿ, ಹುಟ್ತೈತೆ" ಅಂದೆ. ಕೋಡಿಹಳ್ಳಿ ಗೌಡ ಒಬ್ಬ ಎದ್ದು ನಿಂತು ದೊರೇನ ಬಯ್ಯಕ್ಕೆ ಹತ್ತಿದ.

"ಅಯ್ಯೋ ದಡ್ಡ, ಅಷ್ಟು ಬಿಸಿ ಕೊಡ್ತಾರೇನ್ಲಾ? ಒದ್ದೆ ಗೋಣಿ ಕಟ್ಟು, ಗಾಳಿ ಆಡ್ಲಿ."

ಇನ್ನೊಬ್ಬ, "ಮರಿ ಎದ್ದೈತೆ, ಸೊಪ್ಪೆಲ್ಲಿ? ಮೊದಲನೇ ಸೊಪ್ಪು ಎಳೇದು ಹೆಚ್ಚಿ ಹಾಕ್ಬೇಕು. ಅಲ್ನೋಡು, ಕೈ ಕಟ್ಕೊಂಡು ನಿಂತವ್ನೆ."

ಭೂತ ಮೊದಲನೇ ಮನುಷ್ಯನ್ನ ಎತ್ತಿ ಬಾಯಿಗೆ ಹಾಕ್ಕೊಂಡಾಗ ಟೆಂಟಲ್ಲಿ ಒಬ್ಬನೂ ಕೂಗ್ಲಿಲ್ಲ. ಗೌಡ ನಿಟ್ಟುಸಿರು ಬುಟ್ಟು ಹೇಳ್ದ, "ತಿನ್ಲಿ ಬುಡು. ಹಸ್ಕೊಂಡೈತೆ, ಪಾಪ."

ಪರದೆ ಆಚೆ

ಅವಾಗ ಗಂಡಸ್ರು ಹೆಂಗಸ್ರು ಒಂದೇ ಕಡೆ ಕುಂತ್ಕೊಳಂಗಿರ್ಲಿಲ್ಲ. ಸಿನಿಮಾ ಬೀಳೋ ಬಟ್ಟೆ ಪರದೇನೇ ಟೆಂಟಿನ ಮಧ್ಯಕ್ಕೆ ಕಟ್ಟಿ, ಅದಕ್ಕೆ ನೀರು ಚಿಮುಕಿಸ್ತಿದ್ವಿ. ಒದ್ದೆ ಆದ್ರೆ ಚಿತ್ರ ಆ ಕಡೆಗೂ ಕಾಣ್ತದೆ. ಈ ಕಡೆ ಗಂಡಸ್ರು, ಆ ಕಡೆ ಹೆಂಗಸ್ರು. ನಮ್ಮೂರು ಚನ್ನಪಟ್ಟಣದಲ್ಲಿ ಆಟ ಇದ್ದಾಗ ನನ್ನ ಹೆಂಡ್ತಿ ಆ ಕಡೆ ಎರಡನೇ ಗೂಟದ ಪಕ್ಕ. ನಮ್ಮ ಪಕ್ಕದ ಮನೆ ಅಜ್ಜಿ ಅವಳ ಪಕ್ಕ, ಎಲೆಅಡಿಕೆ ಚೀಲದ ಸಮೇತ.

ನಾನು ಈ ಕಡೆ ಕಥೆ ಹೇಳ್ತಿದ್ರೆ, ಅವ್ಳು ಆ ಕಡೆ ಹೆಂಗಸ್ರಿಗೆ ಬೇರೇನೇ ಕಥೆ ಹೇಳೋಳು. ನಾನು, "ದೊರೆ ಹೆಂಡ್ತಿ ಗಂಡನ್ನ ನೆನೆಸ್ಕೊಂಡು ಅಳ್ತಾವ್ಳೆ" ಅಂದ್ರೆ, ಬಟ್ಟೆ ಆಚೆಯಿಂದ, "ಸುಳ್ಳು, ಈರುಳ್ಳಿ ಹೆಚ್ತಾವ್ಳೆ" ಅಂತ ದನಿ ಬರೋದು. ಆ ಕಡೆ ಎಲ್ಲಾ ಗೊಳ್ಳಂತ ನಗೋರು. ಈ ಕಡೆ ಗಂಡಸ್ರು ಭೂತ ನೋಡಿ ನಡುಗ್ತಿರೋ ಹೊತ್ತಿಗೆ ಆ ಕಡೆ ನಗು ಕೇಳಿದ್ರೆ ನನ್ನ ಮಾನ ಏನಾಗ್ಬೇಕು? ಸಾಹುಕಾರ್ನೂ ಒಂದಿನ ಕೇಳ್ದ, "ಆ ಕಡೆ ಯಾವ ಚಿತ್ರ ಓಡ್ತೈತಯ್ಯ? ಅದು ಇದಕ್ಕಿಂತ ಚೆನ್ನಾಗಿರಂಗೈತೆ."

ಚನ್ನಪಟ್ಟಣದ ಅಮಲ್ದಾರ್ರ ಮನೆಯಮ್ಮ ಇಂಗ್ಲೀಷ್ ಓದಿದೋರು. ಅವ್ರೂ ಆ ಕಡೆನೇ ಕುಂತು, ಹಲಗೆ ಬಂದಾಗೆಲ್ಲ ಕಣ್ಣು ಕಿರಿದು ಮಾಡಿ ನೋಡೋರು. ಮಾರನೇ ದಿನ ಊರೆಲ್ಲ ಹೇಳ್ಕೊಂಡು ಬಂದ್ರು, "ಅದು ಇಂಗ್ಲೀಷೇ ಅಲ್ಲ. ಯಾವುದೋ ಗೊತ್ತಿಲ್ಲದ ದೇಶದ್ದು." ಅವತ್ತೇ ನಂಗೆ ಹೊಳೀಬೇಕಾಗಿತ್ತು. ನಾನು ಸಾಹುಕಾರನ್ಗೆ ಹೋಗಿ ಹೇಳ್ದೆ, "ನೋಡಿ, ನಂಗೆ ಬರ್ದೇ ಇದ್ದಿದ್ದೇ ಒಳ್ಳೇದಾಯ್ತು."

ಯಾವ ಕೈ

ಒಂದಿನ ರಾತ್ರಿ ಊಟಕ್ಕೆ ಕುಂತಾಗ ಅಂದೆ, "ಇವತ್ತು ದೊರೆ ಭೂತದ ಬಲಗೈ ಕಡಿಯೋವಾಗ ಒಬ್ಬ ಮೂರ್ಛೆ ಹೋದ ಕಣೆ."

ಮುದ್ದೆ ಕಟ್ತಿದ್ದೋಳು ತಲೆ ಎತ್ತಿದ್ಲು. "ಎಡಗೈ."

"ಬಲಗೈ ಕಣೆ. ದಿನಾ ಬೆತ್ತದಲ್ಲಿ ಮುಟ್ಟಿ ತೋರಿಸ್ತೀನಿ."

"ಬೆತ್ತಕ್ಕೇನು ಗೊತ್ತು? ನಾನು ದಿನಾ ಕಣ್ಣಲ್ಲಿ ನೋಡ್ತೀನಿ. ಎಡಗೈ."

ಅವತ್ತು ಶುರು ಆದ ಜಗಳ. ಬೆಳಿಗ್ಗೆ ಎದ್ದ ತಕ್ಷಣ "ಬಲಗೈ" ಅಂತಿದ್ದೆ. ಅವ್ಳು ನೀರು ಕಾಯಿಸ್ತಾ "ಎಡಗೈ" ಅನ್ನೋಳು. ಮಕ್ಕಳಿಲ್ಲದ ಮನೆ ನಮ್ಮದು, ಮಾತಿಗೆ ಬೇರೆ ವಿಷಯ ಕಮ್ಮಿ. ಸಿಕ್ಕಿದ ಜಗಳ ಬಿಸಾಕಕ್ಕೆ ಮನಸ್ಸಾಗ್ಲಿಲ್ಲ. ಎರಡನೇ ಭಾಗ ಬತ್ತೈತೆ, ಅದ್ರಲ್ಲಿ ಸಮುದ್ರಕ್ಕೆ ಬಿದ್ದ ಆ ಕೈಯೇ ಎದ್ದು ಬತ್ತದಂತೆ ಅಂತ ಸುದ್ದಿ ಬಂತು. ಅವ್ಳು ಹೇಳಿದ್ಲು, "ಬರ್ಲಿ. ಅವತ್ತು ಊರ ಮುಂದೆ ಸೋಲ್ತೀಯ."

ಆಮೇಲೆ ನೋಡಿದ್ರೆ ಇದು ನಮ್ಮ ಮನೆ ಜಗಳ ಮಾತ್ರ ಅಲ್ಲ. ಊರಲ್ಲಿ ಗಂಡಸ್ರೆಲ್ಲ ಬಲಗೈ, ಹೆಂಗಸ್ರೆಲ್ಲ ಎಡಗೈ. ವಿರೂಪಾಕ್ಷಿಪುರದಲ್ಲಿ ಒಬ್ಬ ಸೊಸೆ ಇದಕ್ಕೇ ಮುನಿಸ್ಕೊಂಡು ತವರಿಗೆ ಹೋದ್ಲು, ಅಲ್ಲಿ ಅವಳ ಅಪ್ಪನೂ ಬಲಗೈ ಅಂದ್ಬುಟ್ಟ, ವಾಪಸ್ ಬಂದ್ಲು. ಚನ್ನಪಟ್ಟಣದ ಬೊಂಬೆಯೋನು ಅರಗು ಬಳಿದು ಭೂತದ ಬೊಂಬೆ ಮಾಡಿ ಸಂತೇಲಿಟ್ಟ. ಒಂದು ಸಾಲು ಬಲಗೈ ಇಲ್ಲದ್ದು, ಒಂದು ಸಾಲು ಎಡಗೈ ಇಲ್ಲದ್ದು.

"ಎರಡ್ರಲ್ಲಿ ಯಾವುದ್ಲಾ ನಿಜವಾದ್ದು?" ಅಂತ ಕೇಳ್ದೆ.

"ನೀನು ಒಬ್ಬನೇ ಬಂದಿದ್ದೀಯೋ, ಹೆಂಡ್ತಿ ಕರ್ಕೊಂಡು ಬಂದಿದ್ದೀಯೋ, ಅದು ಮೊದ್ಲು ಹೇಳು" ಅಂದ.

ಕಂಬಳಿ ಹೊದ್ದೋನು

ಅದೇ ದಿನಗಳಲ್ಲಿ ಗಂಡಸ್ರ ಕಡೆ ಒಬ್ಬ ಬಂದು ಕುಂತ. ತಲೆ ತುಂಬ ಕಂಬಳಿ, ಮೂಗು ಮಾತ್ರ ಕಾಣ್ತಿತ್ತು. ದೊರೆ ಕೊಡಲಿ ಎತ್ತಿ ಭೂತದ ಕೈ ಕಡಿಯೋ ಜಾಗ, ನಾನು ಗಂಟಲು ಹರ್ಕೊಂಡು ಕಥೆ ಹೇಳ್ತಿದ್ದೀನಿ, ಟೆಂಟೇ ನಡುಗ್ತೈತೆ, ಇವ್ನು ಕಂಬಳಿ ಒಳಗೆ ಕುಲುಕುಲು ನಗ್ತಾವ್ನೆ. ಬೆತ್ತ ಅವನ ಕಡೆ ತಿರುಗಿಸ್ದೆ.

"ಏನ್ಲಾ ಅದು? ಅಲ್ಲಿ ಒಂದು ಜೀವದ ಕೈ ಹೋಯ್ತೈತೆ, ನಿಂಗೆ ನಗು ಬತ್ತದಾ? ಎದ್ದು ಆಚೆ ಹೋಗು."

ಮಾತಾಡ್ದೆ ಎದ್ದು ಹೋದ. ಮನೇಗೆ ಬಂದು ಹೆಂಡ್ತಿಗೆ ಹೇಳ್ದೆ, ಇಂಗಿಂಗೆ ಒಬ್ಬ ಬಂದಿದ್ದ, ಸರಿಯಾಗಿ ಬೈದು ಓಡಿಸ್ದೆ ಅಂತ. ಅವ್ಳು ಸೌದೆ ಮುಂದಕ್ಕೆ ತಳ್ಳಿ, "ಪಾಪ, ಯಾರೋ ಬುದ್ಧಿವಂತ ಇರ್ಬೇಕು" ಅಂದ್ಲು.

ಎರಡನೇ ಭಾಗ

ಎರಡನೇ ಭಾಗ ಬರೋ ಮುಂಚೆ ಊರಿಗೆ ಜ್ವರ ಬಂತು. ಜ್ವರ ಹೋಗೋವಾಗ ಅವಳ್ನ ಕರ್ಕೊಂಡು ಹೋಯ್ತು. ಇದ್ರಲ್ಲಿ ನಾನು ಸೇರಿಸಿ ಹೇಳೋಂಥದ್ದೇನಿಲ್ಲ.

ಬೆಳಿಗ್ಗೆ ಎದ್ದು "ಬಲಗೈ" ಅಂತಿದ್ದೆ. ನೀರಿನ ಹಂಡೆ ಸುಮ್ನೆ ಕುಂತಿರ್ತಿತ್ತು.

ಕೊನೆಗೆ ಚಿತ್ರ ಬಂತು. ಚನ್ನಪಟ್ಟಣದಲ್ಲೇ ಮೊದಲನೇ ಆಟ. ಜನ ಅಂದ್ರೆ ಜನ, ಟೆಂಟಿನ ಬಟ್ಟೆ ಹೊಟ್ಟೆ ಉಬ್ಬಿದ ಎಮ್ಮೆ ಥರ ಆಗಿತ್ತು. ಚಿತ್ರಾನೂ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಸಮುದ್ರದಿಂದ ಕೈ ಎದ್ದು ಬತ್ತದೆ, ಬೆರಳ ಮೇಲೆ ನಡ್ಕೊಂಡು ಊರೊಳಕ್ಕೆ ಹೋಯ್ತದೆ, ಬಾಗಿಲು ತಟ್ತದೆ. ಕೊನೇಲಿ ಭೂತ ಸಿಕ್ಕಿ, ಅದರ ಭುಜಕ್ಕೆ ಹೋಗಿ ಅಂಟ್ಕೋತದೆ.

ಬಲ ಭುಜಕ್ಕೆ.

ಗಂಡಸ್ರೆಲ್ಲ ಎದ್ದು ಟವಲ್ ಬೀಸಿ "ಬಲಗೈ ಬಲಗೈ" ಅಂತ ಕುಣಿದ್ರು. ನಾನೂ ಬೆತ್ತ ಎತ್ತಿ ಪರದೆ ಕಡೆ ತಿರುಗಿ, "ನೋಡ್ದೇನೇ?" ಅಂದೆ.

ಆಚೆ ಕಡೆಯಿಂದ ಯಾರೂ ಏನೂ ಅನ್ಲಿಲ್ಲ.

ಆಟ ಮುಗಿದ ಮೇಲೆ ಸಾಹುಕಾರ ಬಾಗಿಲಲ್ಲಿ ನಿಂತು ಜನಾನ ಕೇಳ್ದ, ಹೆಂಗಿತ್ತು, ಮೊದಲನೇದರಷ್ಟು ಇತ್ತಾ ಅಂತ. ಕೋಡಿಹಳ್ಳಿ ಗೌಡ ಇದಕ್ಕೋಸ್ಕರ ಅಷ್ಟು ದೂರದಿಂದ ಬಂದಿದ್ದ. "ಮೊದಲನೇದ್ರಲ್ಲಿ ಸಾಕೋ ಕೆಲಸ ಇತ್ತು. ಇದ್ರಲ್ಲಿ ಬರೀ ಓಡಾಟ" ಅಂದ. ಕ್ಷೌರದೋನು, "ಮೊದಲನೇದು ನೋಡೋವಾಗ ಪಂಚೆ ಒದ್ದೆ ಆಗಿತ್ತು. ಇವತ್ತು ಪೂರ್ತಿ ಕಡಲೆಕಾಯಿ ತಿಂದು ಮುಗಿಸ್ದೆ" ಅಂದ. ಸಾಹುಕಾರ ನನ್ನ ಕಡೆ ತಿರುಗ್ದ. "ನೀನೇನಂತೀಯ?"

"ಭೂತ ಚೆನ್ನಾಗೈತೆ. ಆ ಕಡೆ ನಗು ಕಮ್ಮಿ" ಅಂದೆ.

"ಭೂತದ ಚಿತ್ರಕ್ಕೆ ನಗು ಯಾಕಯ್ಯ?" ಅಂದ ಅವ್ನು.

ಎರಡನೇ ಗೂಟದ ಪಕ್ಕ

ಚನ್ನಪಟ್ಟಣದಲ್ಲಿ ಕೊನೇ ಆಟ. ಬೆತ್ತ ತಗಂಡು ಹೋಗಿ ಸಾಹುಕಾರನ ಕೈಲಿಟ್ಟು, "ಇವತ್ತು ನೀವೇ ಹೇಳಿ, ಗಂಟಲು ಕಟ್ಟೈತೆ" ಅಂದೆ. ಕಂಬಳಿ ತಲೆ ತುಂಬ ಎಳ್ಕೊಂಡು, ಟೆಂಟು ಸುತ್ಕೊಂಡು ಹೋಗಿ, ಹೆಂಗಸ್ರ ಕಡೆ ನುಗ್ಗಿದೆ. ಎರಡನೇ ಗೂಟದ ಪಕ್ಕ ಒಂದಾಳು ಕುಂತ್ಕೊಳೋ ಜಾಗ ಖಾಲಿ ಇತ್ತು. ಅಷ್ಟು ಜನದಲ್ಲೂ ಅಲ್ಲಿ ಯಾರೂ ಕುಂತಿರ್ಲಿಲ್ಲ. ಕುಂತ್ಕೊಂಡೆ. ಪಕ್ಕದ ಮನೆ ಅಜ್ಜಿ ಪರದೆ ನೋಡ್ತಾ ಎಲೆ ಜಗೀತಿತ್ತು.

ಸಮುದ್ರ ಬಂತು. ಕೈ ಎದ್ದು ಬಂತು. ಬೆರಳ ಮೇಲೆ ನಡ್ಕೊಂಡು ಬಂತು. ಭೂತದ ಭುಜಕ್ಕೆ ಹೋಗಿ ಅಂಟ್ಕೊಂತು.

ಎಡ ಭುಜಕ್ಕೆ.

ಕಣ್ಣುಜ್ಕೊಂಡು ನೋಡ್ದೆ. ಎಡಗೈ. ಬಟ್ಟೆ ಹಿಂದಿನಿಂದ ನೋಡಿದ್ರೆ ಎಲ್ಲಾ ತಿರುಗಾಮುರುಗಾ, ಹಲಗೆ ಮೇಲಿನ ಅಕ್ಷರಾನೂ. ಅಷ್ಟು ವರ್ಷ ಬಟ್ಟೆಗೆ ನೀರು ಚಿಮುಕಿಸ್ದೋನು ನಾನು, ಒಂದಿನ ಈ ಕಡೆ ಬಂದು ನೋಡಿರ್ಲಿಲ್ಲ. ಗೊತ್ತಿಲ್ದಂಗೆ ಬಾಯಿಂದ ಬಂತು, "ಥೂ ಇವ್ಳ, ಸುಳ್ಳು ಹೇಳಿರ್ಲಿಲ್ಲ."

ಅಜ್ಜಿ ತಿರುಗದೇನೇ ಅಂತು, "ಈಗ ಬಂದ್ಯಾ? ಅವ್ಳು ಮೊದಲನೇ ಭಾಗದಲ್ಲೇ ಆ ಕಡೆ ಹೋಗಿ ನೋಡ್ಕೊಂಡು ಬಂದ್ಲು. ಇದೇ ಕಂಬಳಿ ಹೊದ್ಕೊಂಡು. ನೀನು ಬೆತ್ತ ತೋರಿಸಿ ಓಡಿಸಿದ್ಯಂತೆ."

ಮೈಮೇಲಿದ್ದ ಕಂಬಳಿ ಮುಟ್ಟಿ ನೋಡ್ಕೊಂಡೆ.

"ಆ ಕಡೆ ಬಲಗೈ, ಈ ಕಡೆ ಎಡಗೈ ಅಂತ ಬಂದು ನಮಗೆಲ್ಲ ಹೇಳಿದ್ಲು. ಹೋಗಿ ನಿನ್ ಗಂಡನ್ಗೂ ಹೇಳೇ ಅಂದ್ವಿ. ಬ್ಯಾಡ ಅಜ್ಜಿ, ಹೇಳಿದ್ರೆ ಜಗಳ ಮುಗಿದೋಯ್ತದೆ, ಆಮೇಲೆ ಬೆಳಿಗ್ಗೆ ಎದ್ದು ಅವ್ನು ನನ್ ಹತ್ರ ಏನ್ ಮಾತಾಡ್ತಾನೆ ಅಂದ್ಲು. ನಮ್ಮ ಬಾಯೆಲ್ಲ ಮುಚ್ಚಿಸಿದ್ಲು." ಅಜ್ಜಿ ಎಲೆ ಉಗಿದು ಬಂದು ಸರಿಯಾಗಿ ಕುಂತ್ಕೊಂತು. "ಈಗ್ಲಾದ್ರೂ ಒಪ್ಕೊ. ಕಣ್ಣೆದುರಿಗೈತೆ. ಯಾವ ಕೈ?"

ಪರದೆ ತುಂಬ ಎಡಗೈ. ಐದೂ ಬೆರಳು ಅಗಲಿಸ್ಕೊಂಡು ನನ್ನೇ ನೋಡ್ತಿತ್ತು.

"ಬಲಗೈ" ಅಂದೆ.

ಹೆಂಗಸ್ರೆಲ್ಲ ಒಂದೇ ಸಲ ಈ ಕಡೆ ತಿರುಗಿದ್ರು. "ಯಾವನೋ ಇವ್ನು, ಗಂಡಸು ಬಂದು ಕುಂತವ್ನೆ" ಅಂತ ಒಬ್ಳು, "ಕಣ್ಣು ಎಲ್ಲಿಟ್ಟಿದ್ದೀಯೋ ಮುದಿಯ, ಎಡಗೈ ಕಣೋ" ಅಂತ ಇನ್ನೊಬ್ಳು, "ಆ ಪುಣ್ಯಾತ್ಗಿತ್ತಿ ಇವನ ಜೊತೆ ಹೆಂಗ್ ಬಾಳಿದ್ಲೋ" ಅಂತ ಮತ್ತೊಬ್ಳು. ಕಡಲೆಕಾಯಿ ಸಿಪ್ಪೆ, ಚೊಂಬು, ಅಜ್ಜಿ ಎಲೆಅಡಿಕೆ ಚೀಲ, ಎಲ್ಲಾ ನನ್ನ ಮೇಲೆ ಬಿದ್ವು. ಎಷ್ಟೋ ದಿನ ಆಗಿತ್ತು ಯಾರಾದ್ರೂ ನನ್ನ ಹಂಗೆ ಬೈದು. ಕಂಬಳಿ ಸರಿಮಾಡ್ಕೊಂಡು ಇನ್ನೊಂದ್ಸಲ "ಬಲಗೈ" ಅಂದೆ.

ಈ ಗಲಾಟೆ ಆ ಕಡೆ ಗಂಡಸ್ರಿಗೆ ಕೇಳಿಸ್ತು. "ಯಾರ್ಲಾ ಅಲ್ಲಿ ಎಡಗೈ ಅನ್ನೋರು?" ಅಂತ ಅವ್ರು ಎದ್ರು. ಈ ಕಡೆಯಿಂದ ಇವ್ರು ಎದ್ರು. ಪರದೆ ಹಿಡ್ಕೊಂಡು ಆ ಕಡೆಯೋರು ಅತ್ತ ಎಳೆದ್ರು, ಈ ಕಡೆಯೋರು ಇತ್ತ ಎಳೆದ್ರು. ಹಗ್ಗ ಕಿತ್ಕೊಂಡು ಒದ್ದೆ ಬಟ್ಟೆ ಎಲ್ಲರ ತಲೆ ಮೇಲೆ ಬಿತ್ತು. ಒಳಗೆ ಯಾರದು ಯಾವ ಕೈ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಸಾಹುಕಾರ ಬೆಂಚಿನ ಮೇಲೆ ಹತ್ತಿ, ಬೆತ್ತ ಬೀಸ್ತಾ ಕೂಗ್ದ, "ಸುಮ್ನಿರ್ರಪ್ಪೋ, ಮೂರನೇ ಭಾಗ ತರಿಸ್ತೀನಿ, ಅದ್ರಲ್ಲಿ ಗೊತ್ತಾಯ್ತದೆ."

ಬಟ್ಟೆ ಕೆಳಗಿನಿಂದ ಅಜ್ಜಿ ನನ್ನ ಕಂಬಳಿ ಎಳೀತು. "ಮೂರನೇ ಭಾಗಕ್ಕೂ ಇಲ್ಲೇ ಬಂದು ಕುಂತ್ಕೊ. ಜಾಗ ಹಿಡ್ದಿರ್ತೀನಿ."

"ಬತ್ತೀನಿ" ಅಂದೆ. "ಆದ್ರೆ ಬಲಗೈಯೇ."