ಮಂಜುನಾಥಪ್ಪನ ಪ್ಲೇಟು

ನಾಗೇಂದ್ರನ ಫಜೀತಿಗೆಲ್ಲ ಮೂಲ 'ಇದಾವೆ' ಎಂಬ ಒಂದೇ ಮಾತು.

ಹೋದ ವಾರ ಅವನು ಸಾಗರಕ್ಕೆ ಹೆಣ್ಣು ನೋಡಲು ಹೋಗಿದ್ದ. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಮೂವತ್ತೈದು ದಾಟಿತ್ತು. ಊರವರೆಲ್ಲರ ಆಧಾರ್ ಕಾರ್ಡು ಪ್ರತಿಯಾಗಿ ಹೊರಬರುತ್ತಿದ್ದ ಆ ಯಂತ್ರದಲ್ಲಿ ಅತಿ ಹೆಚ್ಚು ಸಲ ಹೊರಬಂದದ್ದು ಅವನದೇ ಜಾತಕ. ಹಾಗಾಗಿ ಸಾಗರದ ಜಯಪ್ಪನವರ ಮಗಳು, ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಪ್ರತಿಮಾ, ಹಿತ್ತಿಲ ಕಟ್ಟೆಯ ಮೇಲೆ ಎದುರಿಗೆ ಕುಳಿತು ನಿಮಗೆ ಎಂಥ ಸಂಗೀತ ಇಷ್ಟ ಎಂದು ಕೇಳಿದಾಗ, ಅವಳ ಮುಖ ನೋಡುವುದರಲ್ಲೇ ಮುಳುಗಿದ್ದ ನಾಗೇಂದ್ರ "ಎಲ್ಲ" ಎಂದುಬಿಟ್ಟ.

ತನಗೆ ಅವಾಂಗಾರ್ಡ್ ಜಾಝ್ ಎಂದರೆ ಪ್ರಾಣ ಎಂದಳು ಅವಳು. ಅದರಲ್ಲಿ ರಾಗ ಮನೆ ಬಿಟ್ಟು ಎಲ್ಲಿಗೋ ಓಡಿಹೋಗುತ್ತದಂತೆ, ತಾಳ ಅದನ್ನು ಹುಡುಕಿಕೊಂಡು ಬೇರೆಯದೇ ದಾರಿ ಹಿಡಿಯುತ್ತದಂತೆ, ಕೊನೆಗೆ ಎರಡೂ ಯಾರೂ ಎಣಿಸದ ಜಾಗದಲ್ಲಿ ಸಿಕ್ಕಿ ತಬ್ಬಿಕೊಳ್ಳುತ್ತವಂತೆ. ಅವಳು ಫೋನಿನಲ್ಲಿ ಅದನ್ನು ಗಟ್ಟಿಯಾಗಿ ಹಾಕಿದರೆ ಮನೆಯವರು ತಲೆನೋವಿನ ಮಾತ್ರೆ ಹುಡುಕುತ್ತಾರಂತೆ.

"ಒಂದ್ಸಲ ಆದ್ರೂ ರೆಕಾರ್ಡಲ್ಲಿ ಕೇಳ್ಬೇಕು ಅಂತ ಆಸೆ. ಈ ಕಡೆ ಯಾರ ಹತ್ರ ಇರತ್ತೆ ಹೇಳಿ," ಎಂದು ಅವಳು ಮುಖ ಸಣ್ಣದು ಮಾಡಿಕೊಂಡಳು.

ಆ ಸಣ್ಣ ಮುಖ ನೋಡಲಾರದೆ ನಾಗೇಂದ್ರ, "ನಮ್ಮನೇಲಿ ಇದಾವೆ," ಎಂದ.

ಅಜ್ಜಿ ಕತೆಗಳ ರಾಜಕುಮಾರಿಯರು ಏಳು ಸಮುದ್ರದಾಚೆಯ ಹೂವು ತಂದವನನ್ನೇ ಮದುವೆಯಾಗುವುದೆಂದು ಹಟ ಹಿಡಿದು ಕೂರುತ್ತಾರೆ. ಈ ಹುಡುಗಿ ಪಾಪ ಏನನ್ನೂ ಕೇಳಿರಲಿಲ್ಲ. ನಾಗೇಂದ್ರನೇ ಆ ಹೂವು ನಮ್ಮ ಹಿತ್ತಿಲಲ್ಲಿ ಬುಟ್ಟಿಗಟ್ಟಲೆ ಬಿಡುತ್ತದೆ ಎಂದು ಹೇಳಿ ಬಂದಿದ್ದ. ಮನೆ ನೋಡಲು ಅವರು ಬರುವುದು ಹೇಗೂ ಮುಂದಿನ ತಿಂಗಳು, ಅಷ್ಟರಲ್ಲಿ ಎಲ್ಲಿಂದಾದರೂ ತರಿಸಿದರಾಯಿತು ಎಂದುಕೊಂಡು ನೆಮ್ಮದಿಯಾಗಿದ್ದ.

ಇವತ್ತು ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗ ಜಯಪ್ಪನವರ ಫೋನು ಬಂತು. ಮುಂದಿನ ತಿಂಗಳು ದಿನ ಚೆನ್ನಾಗಿಲ್ಲವಂತೆ, ಸಂಜೆಯೇ ಬರುತ್ತಾರಂತೆ. ಪ್ರತಿಮಾಳೂ ಬರುತ್ತಾಳಂತೆ, ಅವಳಿಗೆ ಅದೇನೋ ಕೇಳುವುದಿದೆಯಂತೆ. ನಾಗೇಂದ್ರ ಪೇಸ್ಟಿನ ನೊರೆಯನ್ನು ನುಂಗಿದ.

ಅವನ ತಾಯಿ ಮಾಸ್ತಮ್ಮ ಕೋಳಿ ಹಿಡಿಯಲು ಓಡಿದರು. ಮನೆ ನೋಡಲು ಬಂದವರು ಎಲೆಯ ಮುಂದೆ ಕುಳಿತರೆ ಸಂಬಂಧ ಒಪ್ಪಿದಂತೆ, ನೆಪ ಹೇಳಿ ಎದ್ದುಹೋದರೆ ಅಲ್ಲಿಗೆ ಮುಗಿದಂತೆ. ಹಿಂದೆ ಬಂದ ಹೆಣ್ಣಿನ ಕಡೆಯವರೆಲ್ಲ ಚಾ ಕುಡಿದು ಎದ್ದುಹೋಗಿದ್ದರು. "ಈ ಸಲ ಕಡುಬು, ಕೋಳಿಸಾರು ಉಣ್ಣಿಸ್ದೆ ಬಿಡಲ್ಲ. ನೀನು ಮಾತ್ರ ಎಂತದೂ ಹಾಳು ಮಾಡ್ಬೇಡ ಮಾರಾಯ," ಎಂದರು ಮಾಸ್ತಮ್ಮ.

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಯಶೋಧಕ್ಕ ಇದನ್ನೆಲ್ಲ ಕೇಳಿಸಿಕೊಂಡು ಬೇಲಿ ದಾಟಿ ಬಂದಳು. ಯಶೋಧಕ್ಕನಿಂದ ಬಚ್ಚಿಡುವುದು ಹಲಸಿನ ಹಣ್ಣಿನ ವಾಸನೆ ಬಚ್ಚಿಟ್ಟ ಹಾಗೆ. ಐದು ನಿಮಿಷದಲ್ಲಿ ಅವಳು ನಾಗೇಂದ್ರನ ಬಾಯಿಂದ ಜಾಝನ್ನೂ ರೆಕಾರ್ಡನ್ನೂ ಹೊರಡಿಸಿದಳು. ನೀನು ಸಾಗರಕ್ಕೆ ಹೋಗಿ ಅಂಗಡಿಯಲ್ಲಿ ಹುಡುಕು, ಇಲ್ಲಿಯದೆಲ್ಲ ನನಗೆ ಬಿಡು ಎಂದಳು. ಆ ಕೊನೆಯದು ಮಾತ್ರ ಬೇಡ ಎನ್ನಲು ನಾಗೇಂದ್ರ ಬಾಯಿ ತೆರೆದ. ಆದರೆ ಬಸ್ಸಿಗೆ ಹೊತ್ತಾಗಿತ್ತು.

ಸಾಗರದಲ್ಲಿ ಮೊದಲು ಕ್ಯಾಸೆಟ್ ಅಂಗಡಿ ಇದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ ಇತ್ತು. ಇನ್ನೊಂದು ಕಡೆ ಮೊಬೈಲ್ ರಿಪೇರಿಯವನು ಎಲ್ಲವನ್ನೂ ಕೇಳಿಸಿಕೊಂಡು, ಬೇಕಾದರೆ ಎರಡು ಸಾವಿರ ಹಾಡು ಪೆನ್‌ಡ್ರೈವಿಗೆ ತುಂಬಿಕೊಡುತ್ತೇನೆ, ಅದರಲ್ಲಿ ಯಾವುದಾದರೂ ಒಂದು ಜಾಝ್ ಇದ್ದೇ ಇರುತ್ತದೆ ಎಂದು ಧೈರ್ಯ ಹೇಳಿದ. ಅಲ್ಲಿಂದ ಹೊರಬರುವಾಗ ಎದುರಿನ ಹಣ್ಣಿನಂಗಡಿಯಲ್ಲಿ ಸ್ವತಃ ಜಯಪ್ಪನವರೇ ನಿಂತು ಸೇಬು ಆರಿಸುತ್ತಿದ್ದರು. ನಾಗೇಂದ್ರ ಮತ್ತೆ ಒಳನುಗ್ಗಿ ಒಂದು ದೊಡ್ಡ ಟೀವಿಯ ಡಬ್ಬದ ಹಿಂದೆ ಮೊಲದ ಹಾಗೆ ಕುಳಿತ. ಜಯಪ್ಪನವರು ಒಂದೊಂದು ಸೇಬನ್ನೂ ಅಳಿಯನನ್ನು ಆರಿಸುವ ಹಾಗೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದುದರಿಂದ ಅವನು ಬಹಳ ಹೊತ್ತು ಅಲ್ಲೇ ಕೂರಬೇಕಾಯಿತು.

ರಿಪೇರಿಯವನು ಕನಿಕರಪಟ್ಟು ಒಂದು ವಿಳಾಸ ಕೊಟ್ಟ. ಗಣೇಶಮೂರ್ತಿ ಎಂಬವರ ಮನೆಯಲ್ಲಿ ಕಪಾಟಿನ ತುಂಬ ಹಳೆಯ ರೆಕಾರ್ಡುಗಳಿವೆಯಂತೆ. ಇದ್ದವು. ಆದರೆ ಒಂದೊಂದು ರಾಗಕ್ಕೂ ಒಂದೊಂದು ಹೊತ್ತು ಎಂದು ನಂಬಿದ್ದ ಆ ಹಿರಿಯರು ನಾಗೇಂದ್ರನನ್ನು ಚಾಪೆಯ ಮೇಲೆ ಕೂರಿಸಿ ಬೆಳಗಿನ ರಾಗವೊಂದನ್ನು ಪೂರ್ತಿ ಕೇಳಿಸಿದರು. ವಿಲಂಬಿತದಲ್ಲಿ ಗಾಯಕ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗಡಿಯಾರದ ಮುಳ್ಳು ಎರಡು ಮನೆ ದಾಟುತ್ತಿತ್ತು. ಕೊನೆಗೂ ಬಾಯಿಬಿಡಲು ಸಂದು ಸಿಕ್ಕಾಗ ನಾಗೇಂದ್ರ ತನಗೆ ಬೇಕಾದದ್ದನ್ನು ವಿವರಿಸಿದ. ರಾಗ ಓಡಿಹೋಗಬೇಕು, ತಾಳ ಬೇರೆ ದಾರಿ ಹಿಡಿಯಬೇಕು, ಅಂಥದು.

ಗಣೇಶಮೂರ್ತಿ ಅವನನ್ನು ದಿಟ್ಟಿಸಿ ನೋಡಿ, ಒಳಗಿದ್ದ ಹೆಂಡತಿಯನ್ನು ಕರೆದರು. "ಶರಾವತಿ, ಒಂದು ಲೋಟ ಕಷಾಯ ತಗಂಡು ಬಾ. ಈ ಮಾಣಿಗೆ ಎಂತದೋ ಆಯ್ದು."

ಕಷಾಯ ತಂದ ಶರಾವತಮ್ಮನೇ ದಾರಿ ತೋರಿಸಿದ್ದು. ತೀರ್ಥಹಳ್ಳಿಯಲ್ಲಿ ಮೈಕ್‌ಸೆಟ್ ಮಂಜುನಾಥಪ್ಪ ಅಂತ ಇದ್ದಾರೆ, ಮೂರು ತಾಲೂಕಿನ ಮದುವೆಗಳಿಗೆ ಹಾಡು ಹಾಕುತ್ತಿದ್ದವರು, ಅವರ ಅಟ್ಟದಲ್ಲಿ ಇಲ್ಲದ ರೆಕಾರ್ಡು ಇಲ್ಲ ಎಂದರು.

ಬಸ್ಸು ಮತ್ತೆ ಹೊಸನಗರದ ಮೇಲೇ ಹೋಗಬೇಕು, ಅದನ್ನು ಅವನು ತಾಯಿಗೆ ಫೋನಿನಲ್ಲಿ ತಿಳಿಸಿದ್ದ. ಅದು ಸ್ಟ್ಯಾಂಡಿನಲ್ಲಿ ನಿಂತದ್ದೇ ತಡ, ಕಿಟಕಿಯಲ್ಲಿ ಯಶೋಧಕ್ಕನ ಮುಖ ಮೂಡಿತು. ಬುತ್ತಿಯ ಜೊತೆಗೆ ಸುದ್ದಿಯನ್ನೂ ತಂದಿದ್ದಳು. ಹುಡುಗಿ ಕೇಳಿದ ಸಂಗೀತ ಸಿಗದಿದ್ದರೆ ಮದುವೆಯಿಲ್ಲವಂತೆ ಎಂದು ತಾನೇ ಕೇರಿಯವರಿಗೆಲ್ಲ ತಿಳಿಸಿದ್ದಾಳಂತೆ. ಅಂಗಳದಲ್ಲಿ ಕುರ್ಚಿ ಹಾಕಿಸಿದೆ, ಎಲ್ಲರೂ ಕೇಳಲು ಬರುತ್ತಾರೆ, ನೀನು ಹೆದರಬೇಡ ಎಂದಳು. ನಾಗೇಂದ್ರ ಬುತ್ತಿ ಬಿಚ್ಚಲೇ ಇಲ್ಲ.

ಮಂಜುನಾಥಪ್ಪನ ಮನೆಯ ಅಟ್ಟ ಹತ್ತಿದಾಗ ಅವನಿಗೆ ಪಾತಾಳಕ್ಕೆ ಇಳಿದಂತಾಯಿತು. ಜೇಡರ ಬಲೆಯ ಹಿಂದೆ ಕಟ್ಟುಗಟ್ಟಲೆ ರೆಕಾರ್ಡುಗಳು ನಿಧಿಯ ಹಾಗೆ ಮಲಗಿದ್ದವು. ಬೆಳ್ಳಗಿನ ಮೀಸೆಯ ಮಂಜುನಾಥಪ್ಪ ಅವನ ವಿವರಣೆಯನ್ನು ಅರ್ಧಕ್ಕೇ ನಿಲ್ಲಿಸಿ, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಒಂದನ್ನು ಹೊರತೆಗೆದರು. ಹೊದಿಕೆಯ ಮೇಲೆ ಒಂದು ಕೆಂಪು ಚುಕ್ಕೆ, ಅಷ್ಟೇ. ಹಿಂಬದಿಯ ಇಂಗ್ಲಿಷ್ ಅಕ್ಷರಗಳನ್ನು ನಾಗೇಂದ್ರ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರ ಜೊತೆ ಹೋಲಿಸಿ ನೋಡಿದ. ಅವಾಂಗಾರ್ಡ್. ಅವನ ಕಣ್ಣು ಮಂಜಾಯಿತು. ಆಗುಂಬೆಗೆ ಕಪ್ಪೆ ಹುಡುಕಲು ಬಂದಿದ್ದ ಬಿಳಿಯನೊಬ್ಬ ಹೋಗುವಾಗ ಪ್ರೀತಿಯಿಂದ ಕೊಟ್ಟದ್ದಂತೆ ಅದು.

"ಈ ಪ್ಲೇಟು ಹಾಕ್ದೆ ನಾನು ಒಂದು ಮದ್ವೆನೂ ಮುಗ್ಸಿಲ್ಲ ನೋಡು," ಎಂದರು ಮಂಜುನಾಥಪ್ಪ, ಅದನ್ನು ಮಗುವಿನ ಹಾಗೆ ಸವರುತ್ತ. ಇಷ್ಟೊಂದು ಮದುವೆಗಳನ್ನು ಕಂಡ ರೆಕಾರ್ಡಿಗಿಂತ ಶುಭವಾದದ್ದು ಇನ್ಯಾವುದಿದೆ ಎಂದು ನಾಗೇಂದ್ರ ಅದನ್ನು ಕಣ್ಣಿಗೊತ್ತಿಕೊಂಡ. ಮದುವೆಯ ವಿಷಯವೆಂದು ತಿಳಿದ ಮೇಲೆ ಮಂಜುನಾಥಪ್ಪ ತಮ್ಮ ಪ್ಲೇಯರನ್ನೂ ಸ್ಪೀಕರ್ ಡಬ್ಬವನ್ನೂ ಅವನ ತಲೆಯ ಮೇಲೆ ಹೊರಿಸಿಯೇ ಕಳಿಸಿದರು.

ವಾಪಸು ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಂಚದಲ್ಲಿ ಹತ್ತಿದ ಅಜ್ಜಿಯೊಬ್ಬಳು ಸ್ಪೀಕರ್ ಡಬ್ಬದ ಮೇಲೆ ಕುಳಿತು ಎಲೆ ಅಡಿಕೆ ಬಿಚ್ಚಿದಳು. ಪ್ಲೇಯರು ಕಂಡಕ್ಟರನ ಸೀಟಿನ ಕೆಳಗೆ ಹೋಯಿತು. ರೆಕಾರ್ಡನ್ನು ಮಾತ್ರ ನಾಗೇಂದ್ರ ಯಾರ ಕೈಗೂ ಕೊಡಲಿಲ್ಲ. ಉತ್ಸವಮೂರ್ತಿ ಹೊತ್ತವನ ಹಾಗೆ ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು, ಒಂದೊಂದು ತಿರುವಿನಲ್ಲೂ ಒಬ್ಬೊಬ್ಬರ ಮಡಿಲಿಗೆ ಬಿದ್ದು, ಎದ್ದು, ಬೈಸಿಕೊಂಡು, ಮನೆ ಮುಟ್ಟುವಷ್ಟರಲ್ಲಿ ಜಯಪ್ಪನವರ ಜೀಪು ಗೇಟಿನ ಹೊರಗೆ ನಿಂತಿತ್ತು.

ಅಂಗಳದಲ್ಲಿ ಕೇರಿಯೇ ಕುಳಿತಿತ್ತು. ಜಗುಲಿಯ ಮೇಲೆ ಜಯಪ್ಪನವರು, ಅವರ ಅಕ್ಕ ಬೆಳ್ಳಮ್ಮ, ಇನ್ನಿಬ್ಬರು ಹಿರಿಯರು ಬೆಲ್ಲ ನೀರು ಕುಡಿದು ಸುಧಾರಿಸಿಕೊಂಡಿದ್ದರು. ಒಳಗಿನಿಂದ ಕೋಳಿಸಾರಿನ ಪರಿಮಳ ಬಂದಾಗಲೆಲ್ಲ ಜಯಪ್ಪನವರ ಮುಖ ಮೆತ್ತಗಾಗುತ್ತಿತ್ತು. ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ ಎಂದು ಬೆಳ್ಳಮ್ಮ ಪಿಸುಗುಟ್ಟಿದ್ದೂ ಕೇಳಿಸಿತು. ಮಾಸ್ತಮ್ಮ ಎಲೆ ಒರೆಸತೊಡಗಿದರು. ಇನ್ನು ಹತ್ತು ನಿಮಿಷ ಕಳೆದರೆ ಸಂಬಂಧ ಕುದುರಿದಂತೆಯೇ.

ಆಗ ಪ್ರತಿಮಾ ನಾಗೇಂದ್ರನ ಹತ್ತಿರ ಬಂದು, "ರೆಕಾರ್ಡು ಹಾಕ್ತೀರಾ?" ಎಂದಳು. ಬೆಳಗಿನಿಂದ ಪಟ್ಟ ಪಾಡೆಲ್ಲ ಆ ಒಂದು ಮಾತಿಗೆ ಸಾರ್ಥಕವಾಯಿತು ಎನಿಸಿತು ಅವನಿಗೆ. ಪ್ಲೇಯರು ಜೋಡಿಸಿ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ.

ಮೊದಲು ಯಾರೋ ತುಕ್ಕು ಹಿಡಿದ ಗೇಟನ್ನು ಬಹಳ ಪ್ರೀತಿಯಿಂದ ತೆರೆದಂತಾಯಿತು. ಅದರ ಹಿಂದೆಯೇ ತಾಮ್ರದ ಹಂಡೆಯೊಂದು ಒಂದೊಂದೇ ಮೆಟ್ಟಿಲಿಳಿಯಿತು. ಆಮೇಲೆ ಸ್ಯಾಕ್ಸೊಫೋನೊಂದು, ತಾಯಿಯಿಂದ ತಪ್ಪಿಸಿಕೊಂಡ ಆನೆಮರಿಯ ಹಾಗೆ, ಒಮ್ಮೆ ಕೂಗಿ, ಕಿವಿಗೊಟ್ಟು, ಮತ್ತೆ ಕೂಗಿತು. ನಾಗೇಂದ್ರನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಆ ಕೂಗಿಗೆ ಅವನ ಎದೆಯೊಳಗಿನ ಎಂಥದೋ ಒಂದು ಓಗೊಟ್ಟಿತು. ಪ್ರತಿಮಾ ಕಂಬಕ್ಕೊರಗಿ ಕುಳಿತು ಕಣ್ಣು ಮುಚ್ಚಿದಳು.

ಬೆಳ್ಳಮ್ಮ ಎದ್ದು ನಿಂತರು. ಚೀಲ ಹೆಗಲಿಗೇರಿಸಿ ಚಪ್ಪಲಿಗಾಗಿ ಕಾಲಾಡಿಸಿದರು. ಇಬ್ಬರು ಹಿರಿಯರೂ ಎದ್ದು ಪಂಚೆ ಕೊಡವಿಕೊಂಡರು. ಅಂಗಳದಲ್ಲಿ ಐವತ್ತು ದಾಟಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ಗೇಟಿನ ಕಡೆ ನಡೆಯತೊಡಗಿದರು. ಒಳಗೆ ಮಾಸ್ತಮ್ಮ ತಮಗೇ ಅರಿವಿಲ್ಲದೆ ಒಲೆ ಆರಿಸಿ ಪಾತ್ರೆಗಳಿಗೆ ತಟ್ಟೆ ಮುಚ್ಚಿದರು. ಜಯಪ್ಪನವರೊಬ್ಬರು ಮಾತ್ರ ಕೂತಲ್ಲೇ ಕೆಂಪಾಗುತ್ತಿದ್ದರು.

ನಾಗೇಂದ್ರ ದಿಕ್ಕೆಟ್ಟು ಬೆಳ್ಳಮ್ಮನ ಹಿಂದೆ ಓಡಿದ. ಬೆಳ್ಳಮ್ಮ ಅವನನ್ನು ಕನಿಕರದಿಂದ ನೋಡಿ ವಿಷಯ ಬಿಡಿಸಿ ಹೇಳಿದರು. ಮದುವೆ ಊಟವಾದ ಮೇಲೂ ಇಸ್ಪೀಟು ಹಾಕಿಕೊಂಡು, ಚಪ್ಪರದಲ್ಲೇ ನಿದ್ದೆ ಹೊಡೆದುಕೊಂಡು, ಏಳದೆ ಕೂರುವ ನೆಂಟರು ಎಲ್ಲ ಕಾಲದಲ್ಲೂ ಇದ್ದರು. ಬಂದವರನ್ನು ಹೋಗಿ ಎನ್ನುವುದು ಯಜಮಾನನ ಬಾಯಲ್ಲಿ ಬರುವ ಮಾತಲ್ಲ. ಆಗ ಮಂಜುನಾಥಪ್ಪ ಈ ಪ್ಲೇಟು ಹಾಕುತ್ತಿದ್ದರು. ಇದರ ಮೊದಲ ಕಿರುಚು ಕೇಳಿದರೆ ಸಾಕು, ಮೂರು ತಾಲೂಕಿನ ನೆಂಟರು ಮಕ್ಕಳನ್ನು ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದರು.

"ನನ್ನ ಮದ್ವೇಲೂ ಇದೇ ಹಾಕಿದ್ರು ತಮ್ಮ. ಆದ್ರೆ ಊಟ ಆದ್ಮೇಲೆ ಹಾಕಿದ್ರು," ಎಂದರು ಬೆಳ್ಳಮ್ಮ.

ಅಷ್ಟರಲ್ಲಿ ಜಯಪ್ಪನವರು ಎದ್ದಿದ್ದರು. ಆದರೂ ದೊಡ್ಡ ಮನುಷ್ಯರು, ಹುಡುಗರಿಗೆ ಗೊತ್ತಿಲ್ಲದೆ ಆಗಿರಬಹುದೇನೋ ಎಂದು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತರು. ಯಶೋಧಕ್ಕನಿಗೆ ಅಷ್ಟು ಸಂದು ಸಾಕಾಯಿತು. ಓಡಿಬಂದು ಅಡ್ಡ ನಿಂತಳು.

"ತಪ್ಪು ತಿಳೀಬೇಡಿ ಅಣ್ಣಯ್ಯ. ನೀವು ಬರ್ತೀರಿ ಅಂತ್ಲೇ ನಮ್ಮ ನಾಗೇಂದ್ರ ಬೆಳಗ್ಗಿಂದ ಅನ್ನ ನೀರು ಬಿಟ್ಟು, ಮೂರು ತಾಲೂಕು ಸುತ್ತಿ, ಇದನ್ನೇ ಹುಡುಕಿ ತಂದಿದಾನೆ."

ಜಯಪ್ಪನವರು ಮುಂದಿನ ಮಾತಿಗೆ ನಿಲ್ಲಲಿಲ್ಲ. ಗೇಟು ಹಾರುಹೊಡೆದು ಜೀಪು ಹತ್ತಿದರು.

ನಾಗೇಂದ್ರ ಜಗುಲಿಗೆ ಹಾರಿ ಬಂದು ಮುಳ್ಳಿಗೆ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಪ್ರತಿಮಾ ಇನ್ನೂ ಕಂಬಕ್ಕೊರಗಿಯೇ ಇದ್ದಳು. ಸುತ್ತಲಿನ ಕುರ್ಚಿಗಳು ಖಾಲಿಯಾದದ್ದು ಅವಳಿಗೆ ತಿಳಿದಿರಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಯಾವುದೋ ಓಡುವುದನ್ನು ಹಿಂಬಾಲಿಸುತ್ತಿತ್ತು, ತುಟಿಯ ಮೇಲೆ ನಗು ಇತ್ತು. ಮುಳ್ಳು ಎತ್ತಿದರೆ ಜಯಪ್ಪನವರು ತಿರುಗಿ ಬಂದಾರು. ಎತ್ತಿದರೆ ಈ ನಗು ಹೋದೀತು. ಅವನು ಮುಳ್ಳನ್ನೂ ಅವಳನ್ನೂ ನೋಡುತ್ತ ನಿಂತ.

ಗೇಟಿನಾಚೆ ಜೀಪಿನ ಹಾರನ್ ಒಮ್ಮೆ ಉದ್ದಕ್ಕೆ ಕೂಗಿತು. ಆಮೇಲೆ ಗಿಡ್ಡಕ್ಕೆ ಎರಡು ಸಲ. ಆಮೇಲೆ ತಾಳತಪ್ಪಿ, ಬಿಡದೆ, ಎದೆ ಬಿರಿಯುವ ಹಾಗೆ.

ಪ್ರತಿಮಾ ಕಣ್ಣು ತೆರೆಯದೆಯೇ ಒಂದು ಬೆರಳೆತ್ತಿದಳು.

"ಈಗ ಹೊಸದಾಗಿ ಸೇರ್ಕೊಳ್ತಲ್ಲ, ಅದನ್ನ ಕೇಳಿ. ಎಷ್ಟು ಸಿಟ್ಟಿದೆ ಅದ್ರಲ್ಲಿ, ಎಷ್ಟು ಚಂದ ಇದೆ. ಅದನ್ನ ನುಡಿಸ್ತಿರೋದು ಯಾರು?"

ನಾಗೇಂದ್ರ ಗೇಟಿನ ಕಡೆ ನೋಡಿದ.

"ನಿಮ್ಮ ಅಪ್ಪಯ್ಯ," ಎಂದ.