ಒಣಮೀನಿನ ಮೇಲೆ ಹೊರಿಸಿದ ನಾತ

ನನಗೆ ನನ್ನ ಮೂಗಿನ ಮೇಲೆ ಎಲ್ಲಿಲ್ಲದ ಅಭಿಮಾನ. ಕಣ್ಣಿಗೆ ಕನ್ನಡಕ ಬಂದಿದೆ, ಕಿವಿ ಹೆಂಡತಿ ಕರೆದಾಗ ಮಂದವಾಗುತ್ತದೆ. ಮೂಗೊಂದು ಹುಟ್ಟಿದಂದಿನಿಂದ ಮೋಸ ಮಾಡಿಲ್ಲವೆಂದು ನಂಬಿದ್ದೆ. ಇಂಥ ನಂಬಿಕೆಯವನು ಮನೆಯೊಳಗೆ ಬಚ್ಚಲು ಕಟ್ಟಿಸಬಾರದು. ನಾನು ಕಟ್ಟಿಸಿದೆ. ಓಣಿಯಲ್ಲಿ ಎಲ್ಲರ ಬಚ್ಚಲೂ ಹಿತ್ತಲಲ್ಲಿದ್ದರೆ ನನ್ನದು ನಡುಮನೆಗೆ ತಾಗಿಕೊಂಡೇ ಇತ್ತು. ನುಣುಪು ಸಿಮೆಂಟಿನ ನೆಲ. ನೀರು ಹೊರಗಿನ ಕೊಳಚೆ ಗುಂಡಿಗೆ ಹೋಗಲು ಮದರಾಸಿನಿಂದ ತರಿಸಿದ ಬಾಗಿದ ಪೈಪು. ಬಂದವರಿಗೆಲ್ಲ ದೇವರಕೋಣೆಗಿಂತ ಮೊದಲು ಅದನ್ನೇ ತೋರಿಸುತ್ತಿದ್ದೆ. ನೆಲ ಕೆಟ್ಟೀತೆಂದು ಅಲ್ಲಿ ಒಂದು ಚೊಂಬು ನೀರನ್ನೂ ಚೆಲ್ಲಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ನಮ್ಮ ಸ್ನಾನವೆಲ್ಲ ಮೊದಲಿನಂತೆ ಹಿತ್ತಲಿನ ಹಂಡೆಯ ಹತ್ತಿರವೇ.

ಬೇಸಿಗೆಯಲ್ಲಿ ಮನೆಯೆಲ್ಲ ನಾತ ಶುರುವಾಯಿತು. ಆಗಷ್ಟೇ ನಮ್ಮ ಅತ್ತೆ ಉಳ್ಳಾಲದಿಂದ ದೋಣಿಯಲ್ಲಿ ಹೊಳೆ ದಾಟಿ, ಮಳೆಗಾಲಕ್ಕೆಂದು ಒಂದು ಭರಣಿ ಒಣಮೀನು ತಂದುಕೊಟ್ಟಿದ್ದರು. ಮಳೆ ಹಿಡಿದರೆ ಕಡಲಿಗೆ ದೋಣಿ ಇಳಿಯುವುದಿಲ್ಲ. ಆಮೇಲೆ ಗಂಜಿಗೆ ಅದೇ ಗತಿ. ಆದರೂ ನಾತ ಆ ಭರಣಿಯದ್ದೇ ಎಂದು ನನ್ನ ಮೂಗು ತೀರ್ಪು ಕೊಟ್ಟಾಗಿತ್ತು.

"ಒಣಮೀನಿನ ಪರಿಮಳ ನನಗೆ ಗೊತ್ತಿಲ್ಲವಾ? ಇದು ಬೇರೆ ಎಂತದೋ ಉಂಟು" ಎಂದಳು ನನ್ನ ಹೆಂಡತಿ ಕಲ್ಯಾಣಿ.

ನಾನು ಕೇಳಲಿಲ್ಲ. ಭರಣಿಯನ್ನು ನಾನೇ ಹೊತ್ತು ಪಕ್ಕದ ಮನೆಯ ಇದಿನಬ್ಬ ಬ್ಯಾರಿಗಳಿಗೆ ಕೊಟ್ಟುಬಂದೆ. ನಿಮಗೆ ಬೇಡವಾ ಎಂದು ಅವರು ಬೆರಗಾಗಿ ಕೇಳಿದರು. ಒಳಗೆ ಬಚ್ಚಲಿರುವ ಮನೆಗೆ ಇದೆಲ್ಲ ಹೊಂದುವುದಿಲ್ಲ ಎಂದು ದೊಡ್ಡ ಮನುಷ್ಯನಂತೆ ಹೇಳಿದೆ.

ಮೀನು ಹೋಯಿತು, ನಾತ ಹೋಗಲಿಲ್ಲ, ಇನ್ನಷ್ಟು ಜೋರಾಯಿತು. ಅಷ್ಟರಲ್ಲಿ ಬ್ಯಾರಿಗಳ ಮನೆಯಿಂದ ಖಾಲಿ ಭರಣಿ ವಾಪಸು ಬಂತು. ಕಲ್ಯಾಣಿ ಅದನ್ನು ನನ್ನ ನುಣುಪು ನೆಲದ ನಟ್ಟನಡುವೆ ಇಟ್ಟು, ಕೊಡದ ಮೇಲೆ ಕೊಡ ನೀರು ಸುರಿದು ತೊಳೆದಳು. ನಾನು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ. ಸಂಜೆಯೊಳಗೆ ನಾತ ಮಾಯ! ಆಗ ನನಗೆ ಹೊಳೆಯಿತು: ಪೈಪಿನ ಆ ಬಾಗಿನಲ್ಲಿ ಸದಾ ನೀರು ನಿಂತಿದ್ದರೆ ಗುಂಡಿಯ ನಾತ ಒಳಗೆ ಬರುವುದಿಲ್ಲ. ನಾನೋ ಅದನ್ನು ಕಾವಲು ಕೂತು ಒಣಗಿಸಿದ್ದೆ. ಈ ವಿಜ್ಞಾನವನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಹಾಗಾದರೆ ಮೀನು ವಾಪಸು ಕೇಳಿ ತನ್ನಿ" ಎಂದಳು.

ಕೇಳಲಿಕ್ಕೆ ನನಗೆ ಮುಖವಿರಲಿಲ್ಲ. ಈಗ ಮಳೆ ಹಿಡಿದಿದೆ. ಬಚ್ಚಲಿಗೆ ದಿನಾ ನೀರು ಹಾಕುವ ಕೆಲಸ ನನ್ನದು. ಮಧ್ಯಾಹ್ನ ಗಂಜಿ, ಉಪ್ಪಿನಕಾಯಿಯ ಮುಂದೆ ಕೂತರೆ ಪಕ್ಕದ ಮನೆಯಿಂದ ಆ ಒಣಮೀನನ್ನು ತೆಂಗಿನೆಣ್ಣೆಯಲ್ಲಿ ಹುರಿಯುವ ಪರಿಮಳ ಗೋಡೆ ಹಾರಿ ಬರುತ್ತದೆ. ಇದಕ್ಕೆ ಎಷ್ಟು ಚೊಂಬು ನೀರು ಹಾಕಬೇಕೆಂದು ಕಲ್ಯಾಣಿ ಕೇಳುತ್ತಾಳೆ. ನಾನು ಉಪ್ಪಿನಕಾಯಿ ನೆಕ್ಕುತ್ತೇನೆ. ಆದರೆ ಇವತ್ತು ಬಾಣಲೆಯಲ್ಲಿರುವುದು ಬಂಗುಡೆಯೋ ಸಿಗಡಿಯೋ ಎಂದು ಹೇಳುವುದರಲ್ಲಿ ನನ್ನ ಮೂಗು ಒಂದು ದಿನವೂ ತಪ್ಪಿಲ್ಲ.