ಐದು ಲೀಟರ್ ಕ್ಯಾನಿನ ಮೆರವಣಿಗೆ

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಉಗಿದು ಬನ್ನಿ, ನಗುವಾಗ ಗಂಟಲಿಗೆ ಹೋದೀತು. ನಾನು ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಇಂಥದೊಂದು ಆಗದೆ ಇರಲ್ಲ.

ಫ್ರಿಜ್ಜಿನ ಕಾವಲು

ಕಾಲು ಊದಿತ್ತು. ನಂಜನಗೂಡಿನ ಡಾಕ್ಟರು, "ಅಜ್ಜಿ, ಕಿಡ್ನಿ ಕೆಟ್ಟಿದ್ರೆ ಮೈಸೂರಲ್ಲಿ ಅಡ್ಮಿಟ್ಟು" ಅಂದರು. ಅಡ್ಮಿಟ್ ಆದ ನಮ್ಮಕ್ಕ ವಾಪಸ್ ಬಂದಿರಲಿಲ್ಲ.

ಉಚ್ಚೆ ಪರೀಕ್ಷೆಗೆ ಅಂತ ಲ್ಯಾಬಿನ ಹುಡುಗಿ ಐದು ಲೀಟರಿನ ಕ್ಯಾನು ಕೊಟ್ಟಳು. "ಬೆಳಗ್ಗೆ ಮೊದಲನೇ ಉಚ್ಚೆ ಚೆಲ್ಲಿ. ಆಮೇಲಿಂದು ಮಾರನೇ ಬೆಳಗ್ಗೆವರೆಗೂ ಒಂದು ಹನೀನೂ ಬಿಡದೆ ಇದಕ್ಕೇ ಹಾಕಿ. ಫ್ರಿಜ್ಜಲ್ಲಿಡಿ."

ಸೊಸೆ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಳು. "ಅತ್ತೆ, ಇದ್ರಲ್ಲಿ ಇಡ್ಲಿ ಹಿಟ್ಟೈತೆ. ಕ್ಯಾನು ಒಳಕ್ಕೆ ಬಂದ್ರೆ ನಾನು ತವರಿಗೆ ಓಯ್ತೀನಿ."

ಅವಳು ಹೋದರೆ ಇಡ್ಲಿ ಯಾರು ಬೇಯಿಸೋದು? ತಂಪಾಗಿರಲಿ ಅಂತ ಕ್ಯಾನೇ ಕೊಟ್ಟಿಗೆಯ ನೀರಿನ ತೊಟ್ಟಿಗೆ ಇಳಿಯಿತು.

ಯಜಮಾನರ ಕೈಚಳಕ

ನಮ್ಮ ಯಜಮಾನರದು ಹಾಲಿನ ವ್ಯಾಪಾರ. ಡಾಕ್ಟರ ಮನೆಗೂ ಅವರದೇ ಹಾಲು. ಕ್ಯಾನನ್ನೂ ಅವರೇ ಲ್ಯಾಬಿಗೆ ಕೊಟ್ಟು ಬಂದರು.

ಡಾಕ್ಟರು ರಿಪೋರ್ಟು ನೋಡಿ ಬೆವೆತರು. "ಐದು ಲೀಟರು! ಬರೀ ನೀರು! ಅಡ್ಮಿಟ್ ಆಗ್ಬಿಡಿ ಅಜ್ಜಿ."

ನಾನು ಗೋಳೋ ಅಂತ ಅತ್ತೆ. ಯಜಮಾನರು ತಲೆ ಕೆರೆದುಕೊಂಡರು. "ಅಳಬ್ಯಾಡ ಕಣಮ್ಮಿ. ಕ್ಯಾನು ಅರ್ಧಾನೂ ಇರ್ನಿಲ್ಲ. ಕಮ್ಮಿ ತಗೊಂಡೋದ್ರೆ ಮರ್ವಾದೆ ಉಳೀತದಾ? ತೊಟ್ಟಿ ನೀರು ಒಂದೀಟು ಸೇರಿಸ್ದೆ."

"ಒಂದೀಟಾ?"

"ಆಲಿಗೆ ಆಕೋವಷ್ಟೇಯಾ."

ಡಾಕ್ಟರು ಮುಂದಿದ್ದ ಕಾಫಿ ಲೋಟ ಪಕ್ಕಕ್ಕೆ ಸರಿಸಿದರು.

ಬೀಗಿತ್ತಿಯ ತುಪ್ಪ

ಡಾಕ್ಟರು ಮತ್ತೆ ಪರೀಕ್ಷೆ ಬರೆದರು. ಎರಡನೇ ಸಲ, ಯಜಮಾನರ ಕೈಗೆ ಸಿಗದ ಹಾಗೆ ಟಿ. ನರಸೀಪುರದ ಮಗಳ ಮನೆಗೆ ಕ್ಯಾನು ಹೊತ್ತೆ. ಅವತ್ತೇ ಪಕ್ಕದೂರು ಹೆಮ್ಮಿಗೆಯಲ್ಲಿ ಅವಳ ಅತ್ತೆಯ ಹೊಸ ಮನೆ ಒಕ್ಕಲು. ಒಂದು ಹನೀನೂ ಬಿಡಬಾರದಲ್ಲ! ಕ್ಯಾನನ್ನು ಸೀರೆ ಅಂಗಡಿ ಚೀಲದಲ್ಲಿಟ್ಟು ಅಲ್ಲಿಗೂ ಒಯ್ದೆ.

ಬಾಗಿಲಲ್ಲೇ ಬೀಗಿತ್ತಿ ಚೀಲ ಕಿತ್ತುಕೊಂಡು ಒಳಗೆ ಇಣುಕಿದಳು. "ಅಯ್ಯೋ ಬೀಗ್ರೇ, ಇಷ್ಟೊಂದು ತುಪ್ಪ ಯಾಕೆ ತರಕ್ಕೋದ್ರಿ?"

"ಅದು ನಂದು..." ಅನ್ನುವಷ್ಟರಲ್ಲಿ ಕ್ಯಾನಿಗೆ ಅರಿಸಿನ ಕುಂಕುಮ ಏರಿತ್ತು.

"ವಾಪಸ್ ಕೊಡಿ ಬೀಗ್ರೇ."

"ಮುಯ್ಯಿ ಕೊಟ್ಟು ವಾಪಸ್ ಕೇಳೋರ್ನ ಇವತ್ತೇ ನೋಡಿದ್ದು ಕಣವ್ವ!"

ಅಷ್ಟರಲ್ಲಿ ಅಡಿಗೆಯವನು ಒಬ್ಬಟ್ಟಿಗೆ ತುಪ್ಪ ಬೇಕು ಅಂತ ಸೌಟು ಹಿಡಿದು ಬಂದ. ನಾನು ಕ್ಯಾನು ತಬ್ಬಿಕೊಂಡು ಓಡಿದೆ ನೋಡಿ, ಬಸ್ಸು ಹತ್ತೋವರೆಗೂ ಹಿಂದೆ ತಿರುಗಲಿಲ್ಲ. ಊದಿದ ಕಾಲು ಅವತ್ತು ನೆನಪಿಗೇ ಬರಲಿಲ್ಲ.

ಕೊನೆಗೆ

ಲ್ಯಾಬಿನ ಹುಡುಗಿ ಕುಂಕುಮ ಒರೆಸಿ ಪರೀಕ್ಷೆ ಮಾಡಿದಳು. ಕಿಡ್ನಿ ನೆಟ್ಟಗಿತ್ತು, ನಾನು ಉಳಿದೆ. ಸೊಸೆ ಈಗಲೂ ನಾನು ಫ್ರಿಜ್ಜಿನ ಹತ್ತಿರ ಸುಳಿದರೆ ಎದ್ದು ಬರುತ್ತಾಳೆ. ತುಪ್ಪ ಕಿತ್ತುಕೊಂಡು ಓಡಿದ ಜಿಪುಣಿ ನಾನು ಅಂತ ಬೀಗಿತ್ತಿ ಹೆಮ್ಮಿಗೆ ತುಂಬ ಸಾರಿದ್ದಾಳೆ. ಡಾಕ್ಟರು ಪ್ಯಾಕೆಟ್ ಹಾಲಿಗೆ ಬಿದ್ದರು.

ಯಜಮಾನರಿಗೆ ಮಾತ್ರ ಡಾಕ್ಟರ ಮೇಲೆ ಇನ್ನೂ ಸಿಟ್ಟು: "ಇಷ್ಟು ವರ್ಷ ನಮ್ಮಾಲು ಕುಡುದ್ರೂ ನೀರು ಗೊತ್ತಾಗ್ನಿಲ್ಲ, ಉಚ್ಚೇಲಿ ಕಂಡು ಇಡುದ್ಬುಟ್ಟ! ಅವನೆಂಥ ಡಾಕ್ಟ್ರು ಬುಡು."